ಸುಚಿತ್ರಾ ಪೇಂಟ್ಸ್‌ನವರ ಮಕಾವ್ ಪ್ರವಾಸ

ಮಕಾವ್‌ಗೆ ಬರಲು ತನಗೆ ಸಾಧ್ಯವಿಲ್ಲವೆಂದು ತಾನೇ ಸಹಿ ಹಾಕಿ ಕೊಟ್ಟಿರುವ ಸಂಗತಿ ಸುಚಿತ್ರಾಗೆ ಗೊತ್ತಾದದ್ದು ಆಗಸ್ಟ್ ಕೊನೆಯ ವಾರ, ಅಂಗಡಿಯಲ್ಲಿ ಯಾರದೋ ಹೊಸ ಮನೆಗೆ ಹಳದಿ ಬಣ್ಣ ಕಲಸುತ್ತಿದ್ದಾಗ.

ಹೇಳಿದವನು ಬಣ್ಣದ ಕಂಪನಿಯ ಸೇಲ್ಸ್ ಆಫೀಸರ್ ಅಭಿರಾಮ. ತೀರ್ಥಹಳ್ಳಿಯವನು. ತಿಂಗಳಿಗೆ ಎರಡು ಸಲ ಹೊಸನಗರಕ್ಕೆ ಬಂದು ಸ್ಟಾಕು ನೋಡಿ ಆರ್ಡರ್ ಬರೆದುಕೊಂಡು ಹೋಗುತ್ತಿದ್ದ. ಅವತ್ತು ಸ್ಟೂಲಿನ ಮೇಲೆ ಕೂತು ಟೀ ಕುಡಿಯುತ್ತಾ, "ನೀವು ಬರಬೇಕಿತ್ತು ಮೇಡಂ. ಈ ಸಲ ಮಲೆನಾಡಿನ ಡೀಲರ್‌ಗಳಲ್ಲಿ ಟಾರ್ಗೆಟ್ ಮುಟ್ಟಿದ ಹೆಂಗಸು ನೀವೊಬ್ಬರೇ" ಎಂದ.

"ಎಲ್ಲಿಗೆ ಬರಬೇಕಿತ್ತು?"

ಅಭಿರಾಮ ಲೋಟ ಕೆಳಗಿಟ್ಟ. "ಮಕಾವ್‌ಗೆ. ಟಾರ್ಗೆಟ್ ಮುಟ್ಟಿದವರಿಗೆ ಕಂಪನಿ ಕೊಡೋ ಅಕ್ಟೋಬರ್ ಟೂರು. ಡೀಲರ್‌ಗೆ ಮತ್ತು ಜೊತೆಗೆ ಒಬ್ಬರಿಗೆ. ನೀವೇ ಬರೆದುಕೊಟ್ಟಿದ್ದೀರಲ್ಲ, ಆಗಲ್ಲ ಅಂತ."

"ನಾನಾ?"

ಅವನು ಫೋನಿನಲ್ಲಿ ಹುಡುಕಿ ತೋರಿಸಿದ. ಟೈಪು ಮಾಡಿದ ಮೂರು ಸಾಲು. ಮನೆಯ ಕಾರಣಗಳಿಂದ ನನಗೆ ಪ್ರವಾಸಕ್ಕೆ ಬರಲು ಆಗುವುದಿಲ್ಲ, ನನ್ನ ಬದಲಿಗೆ ನನ್ನ ಪತಿ ನಿರಂಜನ ಹಾಗೂ ಅವರ ಭಾವ ರಾಜೇಂದ್ರ ಬರುತ್ತಾರೆ. ಕೆಳಗೆ ಅವಳ ಸಹಿ. ಸಹಿಯ ಪಕ್ಕದಲ್ಲಿ ಹಳದಿಯಾಗಿ ಒಂದು ಹೆಬ್ಬೆರಳಿನ ಗುರುತು. ಅದನ್ನು ನೋಡಿದ ಮೇಲೆ ಅವಳಿಗೆ ಸಹಿ ಹಾಕಿದ ದಿನ ನೆನಪಾಯಿತು. ಮೀನಿಗೆ ಅರಿಶಿನ ಹಚ್ಚುತ್ತಾ ಕೂತಿದ್ದಳು. ನಿರಂಜನ ನಾಲ್ಕಾರು ಹಾಳೆ ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಂತು, ಜಿಎಸ್‌ಟಿದು, ಬೇಗ ಹಾಕು, ಆಡಿಟರ್ ಕಾಯ್ತಿದ್ದಾರೆ ಎಂದಿದ್ದ. ಬೆರಳು ಸೆರಗಿಗೆ ಒರೆಸಿಕೊಂಡು ಅವನು ತೋರಿಸಿದಲ್ಲೆಲ್ಲ ಸಹಿ ಹಾಕಿದ್ದಳು. ಹದಿಮೂರು ವರ್ಷದಿಂದ ಹಾಗೇ ಹಾಕುತ್ತಿದ್ದಳು.

ಡಬ್ಬಿ ಅಲುಗಿಸುವ ಮಷೀನು ನಿಂತಿತು. ಅವಳು ಮುಚ್ಚಳ ತೆಗೆದು ನೋಡಿದಳು. ಹಳದಿ ಬರಬೇಕಾದ ಜಾಗದಲ್ಲಿ ಪಚ್ಚೆ ಕಲೆತ ಎಂಥದೋ ಬಣ್ಣ ಬಂದಿತ್ತು. ಅಷ್ಟು ವರ್ಷದಲ್ಲಿ ಅವಳು ಒಂದು ಡಬ್ಬಿ ಕೆಡಿಸಿದ್ದು ಅವತ್ತೇ.

*

ಅಂಗಡಿಗೆ ಅವಳ ಹೆಸರು ಬಂದದ್ದಕ್ಕೂ ಒಂದು ಕಥೆಯಿತ್ತು. ಮದುವೆಯಾದ ಹೊಸದರಲ್ಲಿ ಒಂದು ದೀಪಾವಳಿಗೆ ನಿರಂಜನ ಸಾಗರದ ಲಾಡ್ಜೊಂದರಲ್ಲಿ ಮೂರು ದಿನ ಇಸ್ಪೀಟಿಗೆ ಕೂತು, ಮೋಟಾರ್ ಸೈಕಲ್ಲನ್ನೂ ಹೆಂಡತಿಯ ಎರಡು ಬಳೆಯನ್ನೂ ಬಿಟ್ಟು ಬಸ್ಸಿನಲ್ಲಿ ಮನೆಗೆ ಬಂದಿದ್ದ. ಅವನ ಅಪ್ಪ ಗುತ್ಯಪ್ಪ ಒಂದು ಮಾತೂ ಆಡದೆ ಮಾರನೇ ದಿನ ಮಗನನ್ನು ಲಾಂಚಿನಲ್ಲಿ ಹಿನ್ನೀರು ದಾಟಿಸಿ ಸಿಗಂದೂರಿಗೆ ಕರೆದುಕೊಂಡು ಹೋಗಿ ದೇವಿಯ ಎದುರು ಆಣೆ ಹಾಕಿಸಿದ. ಆಮೇಲೆ ಅಂಗಡಿ ಹಾಕುವಾಗ, "ನನ್ನ ದುಡ್ಡು ಬೇಕಾದ್ರೆ ಬೋರ್ಡಲ್ಲಿ, ಬ್ಯಾಂಕಲ್ಲಿ ಸೊಸೆ ಹೆಸ್ರು ಇರ್ಬೇಕು" ಅಂದ. ಹಾಗಾಗಿ ಹೊಸನಗರದ ಪೇಟೆಯಲ್ಲಿ ಸುಚಿತ್ರಾ ಪೇಂಟ್ಸ್ ಶುರುವಾಯಿತು. ಬೆಳಿಗ್ಗೆ ಅಡುಗೆ ಮುಗಿಸಿ ಹತ್ತು ಗಂಟೆಗೆ ಅವಳು ಅಂಗಡಿಗೆ ಬರುತ್ತಿದ್ದಳು. ಬಣ್ಣ ಕಲಸುವುದು, ಪೇಂಟರ್‌ಗಳ ಹತ್ತಿರ ಮಾತಾಡುವುದು, ಮನೆ ಕಟ್ಟಿಸುವವರಿಗೆ ಶೇಡ್ ಕಾರ್ಡ್ ತೋರಿಸುವುದು ಅವಳ ಕೆಲಸ. ಬ್ಯಾಂಕು, ಲಾರಿ, ಫೋನು ನಿರಂಜನನದು.

ಅವತ್ತು ಮಧ್ಯಾಹ್ನ ಅವನು ಊಟಕ್ಕೆ ಬಂದಾಗ ಅವಳು ಬಡಿಸಲಿಲ್ಲ. ಅನ್ನ, ಕಳಲೆ ಪಲ್ಯ, ಸಾರು ಎಲ್ಲ ಮುಚ್ಚಿಟ್ಟೇ ಇತ್ತು.

"ಎಂತ ಸುಚಿ, ಹುಷಾರಿಲ್ವಾ?"

"ಹುಷಾರಿದೀನಿ. ಮನೆ ಕಾರಣ ಎಂತದು?"

"ಯಾವ ಮನೆ ಕಾರಣ?"

"ನನಗೆ ಮಕಾವ್‌ಗೆ ಬರೋಕೆ ಆಗ್ದಿರೋ ಮನೆ ಕಾರಣ. ನಾನೇ ಬರ್ಕೊಟ್ಟಿದೀನಂತೆ. ನನಗೇ ಗೊತ್ತಿಲ್ಲ, ಎಂತದು ಅಂತ ಕೇಳೋಣ ಅಂತ."

ನಿರಂಜನ ತಟ್ಟೆಗೆ ತಾನೇ ಬಡಿಸಿಕೊಂಡು ಕೂತ. "ಅಭಿರಾಮ ಹೇಳಿದ್ನಾ? ಅವ್ನಿಗೆ ಬಾಯಿ ನಿಲ್ಲಲ್ಲ."

"ಅವ್ನ ಬಾಯಿ ಬಿಡಿ. ನಿಮ್ದು ಹೇಳಿ."

"ನೋಡು, ಅದು ನೀನು ನೋಡೋ ಊರಲ್ಲ. ಚೀನಾ ಪಕ್ಕದಲ್ಲಿ ಒಂದು ಸಮುದ್ರ, ಅದ್ರ ದಂಡೆ ಮೇಲೆ ಊರು ತುಂಬ ಕ್ಯಾಸಿನೊ. ದೇವಸ್ಥಾನ ಇಲ್ಲ, ಎಂತದಿಲ್ಲ. ಅಲ್ಲಿ ಹೋಗಿ ನೀನು ಎಂತ ಮಾಡ್ತೀಯ?"

"ನೀವು ಎಂತ ಮಾಡ್ತೀರಿ?"

ಪಕ್ಕದ ಕೋಣೆಯಿಂದ ಗುತ್ಯಪ್ಪ ಕೋಲೂರಿಕೊಂಡು ಬಂದ. ಅವನ ಕಿವಿ ಬೇರೆ ಮಾತಿಗೆ ಮಂದ, ಈ ಮಾತಿಗೆ ಅಲ್ಲ. "ಕ್ಯಾಸಿನೊ ಅಂದ್ರೆ ಜೂಜಲ್ವೇನೋ?"

"ಕಂಪನಿ ಟೂರು ಅಪ್ಪ. ಊರು ನೋಡೋದು."

"ಇಸ್ಪೀಟು ಮುಟ್ಟಲ್ಲ ಅಂತ ಆಣೆ ಹಾಕಿದೋನು ಊರು ನೋಡೋಕೆ ಅಲ್ಲಿಗೇ ಹೋಗ್ಬೇಕಾ? ಕವಲೇದುರ್ಗ ನೋಡಿದೀಯೇನೋ ನೀನು, ಇಲ್ಲೇ ಇದೆ?"

"ಮಾವ, ನೀವು ಸ್ವಲ್ಪ ಸುಮ್ನಿರಿ" ಎಂದಳು ಸುಚಿತ್ರಾ. ಮಾವನಿಗೆ ಹಾಗೆ ಅವಳು ಹಿಂದೆ ಯಾವತ್ತೂ ಅಂದಿರಲಿಲ್ಲ. "ಇವ್ರು ಆಡ್ತಾರೋ ಬಿಡ್ತಾರೋ ಆಮೇಲಿನ ಮಾತು. ನನ್ನ ಟಿಕೇಟಲ್ಲಿ ರಾಜೇಂದ್ರಣ್ಣ ಯಾಕೆ ಹೋಗ್ತಿದಾರೆ? ಅದು ಹೇಳಿ ಮೊದ್ಲು."

ನಿರಂಜನ ಅನ್ನ ಕಲಸಿ ಕಲಸಿ ಬಿಟ್ಟ. ಕಡೆಗೆ, "ಹದಿಮೂರು ವರ್ಷ ಆಯ್ತು. ಪೇಟೆಲಿ ಜನ ನನ್ನನ್ನ ಸುಚಿತ್ರಾ ಪೇಂಟ್ಸಲ್ಲಿ ಇರೋನು ಅಂತಾರೆ. ಬ್ಯಾಂಕಿಗೆ ಹೋದ್ರೆ ಓನರ್ ಕರ್ಕೊಂಡು ಬನ್ನಿ ಅಂತಾರೆ. ಒಂದು ಸಲ ನಾನೂ ಓನರ್ ಅಂತ ಹೋಗಿಬರೋಣ ಅನ್ನಿಸ್ತು. ತಪ್ಪಾ?" ಎಂದ.

"ಹಾಗಿದ್ರೆ ಒಬ್ರೇ ಹೋಗ್ಬೇಕಿತ್ತು. ಇಲ್ಲಾಂದ್ರೆ ಜೊತೆಲಿ ಬರೋ ಜಾಗಕ್ಕಾದ್ರೂ ನನ್ನ ಹೆಸ್ರು ಬರೀಬೇಕಿತ್ತು. ಅದಕ್ಕೂ ನಾನು ಬೇಡ ಆದ್ನಾ?"

ಅವಳು ಅನ್ನದ ಪಾತ್ರೆ ಅವನ ಎದುರಿಗೆ ಕುಕ್ಕಿ, ಊಟ ಮಾಡದೆ ಅಂಗಡಿಗೆ ವಾಪಸ್ಸು ಹೋದಳು.

*

ಮೂರು ದಿನ ಮನೆಯಲ್ಲಿ ಮಾತಿಲ್ಲ. ನಾಲ್ಕನೇ ದಿನ ಅತ್ತೆ ಶೇಷಮ್ಮ ತಿಂಡಿಗೆ ರೊಟ್ಟಿ ತಟ್ಟುತ್ತಾ ಪಂಚಾಯ್ತಿ ಶುರು ಮಾಡಿದಳು. "ಎಂತಕ್ಕೆ ಜಗಳ? ಆ ತಾರೀಕಿಗೆ ಭೂಮಿ ಹುಣ್ಣಿಮೆ ಬರುತ್ತೆ. ಗದ್ದೆಗೆ ಹೋಗೋ ಬುಟ್ಟಿ ಬರೆಯೋಳು ಅವಳು. ಅವಳು ಹೆಂಗೂ ಹೋಗೋ ಹಾಗಿಲ್ಲ. ಮುಗೀತಲ್ಲ."

ಹುಣ್ಣಿಮೆಗೆ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನಲ್ಲಿ ನಾರಿನ ಕುಂಚದಿಂದ ಚಿತ್ತಾರ ಬರೆಯುವುದು ಸೊಸೆಯ ಕೆಲಸ. ಆ ಬುಟ್ಟಿಯಲ್ಲಿ ಸೊಪ್ಪಿನ ಅಂಬಲಿ ಹೊತ್ತುಕೊಂಡು ಹೋಗಿ ನಸುಕಿನಲ್ಲಿ ತೆನೆ ಹೊತ್ತ ಬಸುರಿ ಭೂಮಿಗೆ ಚರಗವಾಗಿ ಬೀರುವುದು ಮನೆಯ ಗಂಡಸಿನ ಕೆಲಸ.

"ಚರಗ ಬೀರೋದು ಯಾರು ಅತ್ತೆ?" ಎಂದಳು ಸುಚಿತ್ರಾ.

"ಅದು ನಿಮ್ಮಾವ ಬೀರ್ತಾರೆ."

"ಮಾವನಿಗೆ ಮಂಡಿ ನೋವು. ಆರು ವರ್ಷದಿಂದ ಇವ್ರೇ ಬೀರ್ತಿರೋದು. ಇವ್ರ ಕೆಲ್ಸ ಇನ್ನೊಬ್ರು ಮಾಡ್ಬೋದು, ನನ್ನ ಕೆಲ್ಸ ಮಾಡೋಕಾಗಲ್ವಾ? ಬುಟ್ಟಿ ನಾನು ಎಂಟು ದಿನ ಮುಂಚೆ ಬರೆದಿಟ್ಟು ಹೋಗ್ತೀನಿ. ಚಿತ್ತಾರ ಎಲ್ಲೂ ಓಡಿಹೋಗಲ್ಲ."

"ಕಡುಬು ಯಾರು ಮಾಡ್ತಾರೆ?"

"ನೀವು ಮಾಡ್ತೀರಿ. ನಾನು ಬರೋ ಮುಂಚೆ ಈ ಮನೇಲಿ ಕಡುಬು ಬೇಯ್ತಿರ್ಲಿಲ್ವಾ?"

ಮಗಳು ಕಾವ್ಯಾ ನಕ್ಕಳು. ಪಿಯುಸಿ ಮೊದಲ ವರ್ಷ. ಮನೆಯಲ್ಲಿ ಅಮ್ಮನ ಕಡೆಯ ಒಂದೇ ಮತ. ಶೇಷಮ್ಮ ಮೊಮ್ಮಗಳ ತಟ್ಟೆಗೆ ರೊಟ್ಟಿ ಎಸೆದಂತೆ ಹಾಕಿ, "ನಗು, ನಗು. ಅಮ್ಮ ಪ್ಲೇನ್ ಹತ್ತಿದ್ಮೇಲೆ ನಿನಗೆ ರೊಟ್ಟಿ ಬಡಿಯೋದು ನಾನೇ" ಎಂದಳು.

ಸಂಜೆ ಕಾವ್ಯಾ ಫೋನಿನಲ್ಲಿ ಆ ಹೋಟೆಲಿನ ಚಿತ್ರ ತೋರಿಸಿದಳು. ಬಿಳಿ ಹಾಸಿಗೆ, ಕಿಟಕಿಯಾಚೆ ನೀರು, ಉದ್ದ ಮೇಜಿನ ತುಂಬ ಮುಚ್ಚಿಟ್ಟ ಪಾತ್ರೆಗಳು.

"ತಿಂಡಿ ಅವ್ರೇ ಮಾಡ್ತಾರಾ?"

"ನೂರು ತರ ಇರುತ್ತಂತೆ ಅಮ್ಮ. ನೀನು ಹೋಗಿ ಹಾಕ್ಕೊಂಡ್ರಾಯ್ತು. ತಟ್ಟೆ ಅಲ್ಲೇ ಬಿಟ್ಟು ಬರೋದು."

"ಹಾಸಿಗೆ?"

"ದಿನಾ ಬಂದು ಬದಲಾಯಿಸ್ತಾರೆ."

ಸುಚಿತ್ರಾ ಇದುವರೆಗೆ ನೋಡಿದ್ದು ಧರ್ಮಸ್ಥಳ, ಉಡುಪಿ, ಒಂದು ಸಲ ಮೈಸೂರು. ಮೂರಕ್ಕೂ ಟೆಂಪೋದಲ್ಲಿ ಗ್ಯಾಸ್ ಒಲೆ, ಅಕ್ಕಿ ಮೂಟೆ ಹೋಗಿತ್ತು. ಮೈಸೂರಿನ ಛತ್ರದಲ್ಲಿ ಹನ್ನೊಂದು ಜನರಿಗೆ ಉಪ್ಪಿಟ್ಟು ಕೆದಕುತ್ತಿದ್ದಾಗ ಉಳಿದವರು ಅರಮನೆ ನೋಡಿ ಬಂದಿದ್ದರು. ಕ್ಯಾಸಿನೊ ಹೇಗಿರುತ್ತದೋ ಅವಳಿಗೆ ಬೇಕಿರಲಿಲ್ಲ. ನಾಲ್ಕು ದಿನ ಒಲೆ ಹಚ್ಚದೆ ಇರುವುದು, ಬೆಳಿಗ್ಗೆ ಎದ್ದು ಯಾರೋ ಮಾಡಿದ್ದನ್ನು ತಿನ್ನುವುದು, ಆ ಕಿಟಕಿಯ ಹತ್ತಿರ ಸುಮ್ಮನೆ ಕೂರುವುದು ಬೇಕಿತ್ತು. ಇಷ್ಟು ಸಣ್ಣದಕ್ಕೆ ಇಷ್ಟು ಸಿಟ್ಟು ಬರಬಹುದೇ ಎಂದು ಅವಳಿಗೇ ಒಮ್ಮೊಮ್ಮೆ ಅನುಮಾನವಾಗುತ್ತಿತ್ತು. ಆದರೆ ಸಿಟ್ಟು ಬಂದಿತ್ತು.

ನಿರಂಜನ ಕಡೆಗೆ ಒಪ್ಪಿಕೊಂಡಂತೆ ಮಾಡಿದ. "ಆಯ್ತು ಮಾರಾಯ್ತಿ. ಸೆಪ್ಟೆಂಬರ್ ಇಪ್ಪತ್ತರೊಳಗೆ ನಿನ್ನ ಪಾಸ್‌ಪೋರ್ಟ್ ಬಂದ್ರೆ ನೀನು ಬಾ. ಬರ್ಲಿಲ್ಲ ಅಂದ್ರೆ ಭಾವ ಬರ್ಲಿ. ಅವನ ಪಾಸ್‌ಪೋರ್ಟ್ ರೆಡಿ ಇದೆ."

"ಮಾತಾ?"

"ಮಾತು."

ಅವತ್ತೇ ಕಾವ್ಯಾ ಅರ್ಜಿ ತುಂಬಲು ಕೂತಳು. ಹೆಸರು, ಹುಟ್ಟಿದ ಊರು ನಿಟ್ಟೂರು, ತಂದೆಯ ಹೆಸರು ಎಲ್ಲ ಆಯಿತು.

"ಮೊಬೈಲ್ ನಂಬರ್ ಅಮ್ಮ?"

"ಅಪ್ಪಂದೇ ಹಾಕು. ಆಧಾರಿಗೆ, ಬ್ಯಾಂಕಿಗೆ ಎಲ್ಲದಕ್ಕೂ ಅದೇ ಇರೋದು. ಬೇರೆ ಹಾಕಿದ್ರೆ ತೊಂದ್ರೆ ಆದ್ರೆ?"

ಕಾವ್ಯಾ ಹಾಕಿದಳು. ಆಮೇಲೆ ಬಾಗಿಲಿಗೆ ಹೋಗಿ ರಸ್ತೆಯಾಚೆಯ ಅಂಗಡಿಗೆ ಕೇಳುವಂತೆ ಕೂಗಿದಳು. "ಅಪ್ಪಾ, ಓಟಿಪಿ ಬಂತಾ?"

ನಿರಂಜನ ಕನ್ನಡಕ ಏರಿಸಿಕೊಂಡು ಆರು ಅಂಕಿ ಒಂದೊಂದಾಗಿ ಕೂಗಿ ಹೇಳಿದ.

*

ಅಮ್ಮ ಮಗಳು ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಹೋಗಿ ಬಂದರು. ಕಚೇರಿಯಲ್ಲಿ ಬೆರಳಚ್ಚು ಕೊಟ್ಟು, ಫೋಟೋ ತೆಗೆಸಿ, ಹೋಟೆಲಿನಲ್ಲಿ ಮಸಾಲೆ ದೋಸೆ ತಿಂದರು. "ಇನ್ನು ಪೊಲೀಸ್ನೋರು ಬಂದು ವಿಚಾರಿಸ್ತಾರೆ. ಅದಾದ್ರೆ ಒಂದು ವಾರ" ಎಂದಿದ್ದರು ಅಲ್ಲಿ. ಸುಚಿತ್ರಾ ಅವತ್ತಿನಿಂದ ಗೇಟಿನ ಸದ್ದಾದಾಗಲೆಲ್ಲ ಕಿವಿ ನಿಮಿರಿಸಿ ಕೇಳುತ್ತಿದ್ದಳು. ಹಿಂದಿನ ವರ್ಷದ ಬುಟ್ಟಿ ಅಟ್ಟದಿಂದ ಇಳಿಸಿ ಕೆಮ್ಮಣ್ಣು ಬಳಿದು ಒಣಗಲಿಟ್ಟಳು. ಎಂಟು ದಿನ ಮುಂಚೆ ಬರೆದಿಡುತ್ತೇನೆ ಎಂದವಳು ಇಪ್ಪತ್ತು ದಿನ ಮುಂಚೆಯೇ ಮೊದಲ ಗೆರೆ ಎಳೆದಳು.

ಒಂದು ಭಾನುವಾರ ರಾಜೇಂದ್ರ ತೀರ್ಥಹಳ್ಳಿಯಿಂದ ಹೆಂಡತಿ ಆಶಾಳ ಜೊತೆ ಬಂದ. ಆಶಾ ನಿರಂಜನನ ತಂಗಿ. ರಾಜೇಂದ್ರ ಟೈಲ್ಸ್ ಕಂಟ್ರಾಕ್ಟರ್. ಗೋವಾದ ಹಡಗಿನ ಕ್ಯಾಸಿನೊಗೆ ಏಳೆಂಟು ಸಲ ಹೋಗಿ ಬಂದವನು. ಕೋಳಿ ಸಾರು, ಕಡುಬು ಹೊಡೆದು ಜಗಲಿಗೆ ಬಂದು ಸೀಮೆಸುಣ್ಣದಲ್ಲಿ ನೆಲದ ಮೇಲೆ ಕ್ಯಾಸಿನೊದ ಚಕ್ರದಾಟದ ಮನೆ ಬರೆದು, ಕೆಂಪು ಕಪ್ಪು ಎಂದು ಗುರುತು ಮಾಡಿ ಅಂಕಿ ಹಾಕಿದ. ಶೇಷಮ್ಮನ ಡಬ್ಬಿಯಿಂದ ಹುಣಸೆ ಬೀಜ ತಂದು ರಾಶಿ ಹಾಕಿದ. ಹಿತ್ತಾಳೆ ಹರಿವಾಣದಲ್ಲಿ ಗೋಲಿಯೊಂದನ್ನು ತಿರುಗಿಸಿ ಬಿಟ್ಟ.

"ನೋಡು ಭಾವ, ಕೆಂಪಿನ ಮೇಲೆ ಇಡು. ಬಂದ್ರೆ ಡಬಲ್. ಹೋದ್ರೆ ಮತ್ತೆ ಕೆಂಪಿಗೇ ಡಬಲ್ ಇಡು. ಎಷ್ಟು ಸಲ ಅಂತ ಕಪ್ಪು ಬರುತ್ತೆ ಹೇಳು?"

ನಿರಂಜನ ಐದು ಬೀಜ ಇಟ್ಟ. ಗೋಲಿ ತಿರುಗುತ್ತಿದ್ದಾಗ ಅವನು ಮಂಡಿಯೂರಿ ಹರಿವಾಣದ ಮೇಲೆ ಬಾಗಿದ್ದನ್ನು ಸುಚಿತ್ರಾ ಬಾಗಿಲಿನಿಂದ ನೋಡಿದಳು. ಎಷ್ಟೋ ವರ್ಷದಿಂದ ಅವನ ಮುಖದಲ್ಲಿ ಅಂಥ ಚುರುಕು ಅವಳು ಕಂಡಿರಲಿಲ್ಲ.

ಗುತ್ಯಪ್ಪನ ಕೋಲು ನಡುವೆ ಬಂತು. ಬೀಜಗಳು ಅಂಗಳದವರೆಗೆ ಚೆಲ್ಲಿಹೋದವು.

"ಅಯ್ಯೋ ನನ್ನ ಹುಣಸೆ ಬೀಜ!" ಎಂದು ಶೇಷಮ್ಮ ಒಳಗಿನಿಂದ ಓಡಿಬಂದಳು.

"ಎಲೆ ಇಲ್ಲ ಮಾವ" ಎಂದ ರಾಜೇಂದ್ರ ನಗುತ್ತಾ. "ಇವ್ನು ಆಣೆ ಹಾಕಿದ್ದು ಇಸ್ಪೀಟ್ ಎಲೆಗೆ. ಇದು ಚಕ್ರ. ಅದ್ರಲ್ಲೂ ಸಮುದ್ರದ ಆಚೆ."

"ಸಿಗಂದೂರಮ್ಮಂಗೆ ನಿನ್ನಷ್ಟು ಕಾನೂನು ಗೊತ್ತಿಲ್ಲ ಮಾರಾಯ. ಅವಳಿಗೆ ಜೂಜು ಅಂದ್ರೆ ಜೂಜೇ. ನೀನು ಬೇಕಾದ್ರೆ ನಿನ್ನ ಮನೆ ಹಾಳು ಮಾಡ್ಕೋ, ಇಲ್ಲಿ ಗೆರೆ ಎಳೀಬೇಡ."

"ನನ್ನ ಮನೆ ಅಂದ್ರೆ ನಿಮ್ಮ ಮಗಳ ಮನೆ ಮಾವ."

"ಅದೇ ನನ್ನ ಸಂಕಟ!"

ಆಶಾ ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತಾ, "ಅತ್ತಿಗೆ, ಇವ್ರು ಹೊಸ ಬೂಟು, ಹೊಸ ಪೆಟ್ಟಿಗೆ ತಗೊಂಡಾಗಿದೆ. ತೀರ್ಥಹಳ್ಳಿ ಪೂರ್ತಿ ಗೊತ್ತು. ನೀವು ಹೋಗೋದಾದ್ರೆ ಇವ್ರ ಹೊಟ್ಟೆ ಯಾಕೆ ಉರೀತಿಲ್ಲ?" ಎಂದು ಮೆಲ್ಲಗೆ ಕೇಳಿದಳು.

ಆಗ ಸುಚಿತ್ರಾ ಅದನ್ನು ತಲೆಗೆ ಹಾಕಿಕೊಳ್ಳಲಿಲ್ಲ.

*

ಸೆಪ್ಟೆಂಬರ್ ಇಪ್ಪತ್ತು ಬಂತು. ಪಾಸ್‌ಪೋರ್ಟ್ ಬರಲಿಲ್ಲ. ಯಾವ ಪೊಲೀಸರೂ ಗೇಟು ತೆಗೆಯಲಿಲ್ಲ.

"ನಾನೆಂತ ಮಾಡ್ಲಿ? ಸರ್ಕಾರದ ಕೆಲ್ಸ" ಎಂದ ನಿರಂಜನ. "ಮುಂದಿನ ಸಲ ನೋಡೋಣ."

ಸುಚಿತ್ರಾ ಎರಡು ಮಾತು ಆಡಿದಳು, ಸುಮ್ಮನಾದಳು. ಮಾತು ಕೊಟ್ಟಾಗಿತ್ತು. ಅಭಿರಾಮ ರಾಜೇಂದ್ರನ ಹೆಸರಿಗೆ ಟಿಕೇಟು ಮಾಡಿಸಿದ. ಆ ವಾರ ಅವಳು ಗಂಡನ ನಾಲ್ಕು ಅಂಗಿಗೆ ಇಸ್ತ್ರಿ ಹಾಕಿಟ್ಟಳು. ದಾರಿಗೆಂದು ಚಕ್ಕುಲಿಯನ್ನೂ ಸುಟ್ಟಳು. ಅದನ್ನು ಆಮೇಲೆ ನೆನೆಸಿಕೊಂಡಾಗಲೆಲ್ಲ ಅವಳಿಗೆ ಎಲ್ಲಕ್ಕಿಂತ ಹೆಚ್ಚು ಉರಿಯುತ್ತಿತ್ತು.

ತಿಂಗಳ ಕೊನೆಗೆ, ಹೊರಡಲು ಐದು ದಿನ ಇರುವಾಗ, ಸ್ಟೇಷನ್ನಿನ ಹೆಡ್ ಕಾನ್‌ಸ್ಟೇಬಲ್ ಕೆರಿಯಪ್ಪ ಗೇಟಿಗೆ ಬಳಿಯಲು ಕಪ್ಪು ಎನಾಮಲ್ ಕೊಳ್ಳಲು ಅಂಗಡಿಗೆ ಬಂದ. ಸುಚಿತ್ರಾಳನ್ನು ನೋಡಿ ಹುಬ್ಬೇರಿಸಿದ.

"ಓ, ಬಂದ್ರಾ ಅಮ್ಮ? ಬೆಂಗಳೂರಿಂದ ಯಾವಾಗ ಬಂದಿದ್ದು?"

"ಯಾವ ಬೆಂಗಳೂರು?"

"ನಿಮ್ಮ ಪಾಸ್‌ಪೋರ್ಟ್ ಎನ್‌ಕ್ವೈರಿ ನನ್ನ ಹತ್ರನೇ ಇರೋದು. ಇಬ್ರು ಸಾಕ್ಷಿ ಕರ್ಕೊಂಡು ಬನ್ನಿ ಅಂತ ಎರಡು ಸಲ ಫೋನ್ ಮಾಡಿದೆ. ನಿಮ್ಮ ಯಜಮಾನ್ರು ತೆಗೆದ್ರು. ಅಕ್ಕನ ಬಾಣಂತನಕ್ಕೆ ಬೆಂಗಳೂರಿಗೆ ಹೋಗಿದಾಳೆ, ಅಕ್ಟೋಬರ್ ಹತ್ತರ ಮೇಲೆ ಬರ್ತಾಳೆ, ಆಗ ಮಾಡಿ ಅಂದ್ರು. ಹಾಗಾಗಿ ತೆಗೆದಿಟ್ಟಿದೀನಿ."

ಸುಚಿತ್ರಾಳಿಗೆ ಅಕ್ಕನೇ ಇರಲಿಲ್ಲ.

ಅವಳು ಎನಾಮಲ್ ಡಬ್ಬಿ ಕೊಟ್ಟಳು. ಬ್ರಷ್ ಬೇಕಾ ಎಂದು ಕೇಳಿದಳು. ಕೆರಿಯಪ್ಪ ಹೋದ ಮೇಲೆ ಅಂಗಡಿಯ ಶಟರ್ ಎಳೆದಳು. ಹಗಲು ಹನ್ನೆರಡು ಗಂಟೆಗೆ ಸುಚಿತ್ರಾ ಪೇಂಟ್ಸ್‌ನ ಶಟರ್ ಬಿದ್ದದ್ದು ನೋಡಿ ಪಕ್ಕದ ಬೇಕರಿಯವನು ಹೊರಗೆ ಬಂದ.

ಮನೆಯಲ್ಲಿ ನಿರಂಜನ ಪೆಟ್ಟಿಗೆ ತುಂಬುತ್ತಿದ್ದ. ಅವಳು ಬಾಗಿಲಲ್ಲಿ ನಿಂತು ಕೇಳಿದಳು.

"ನಮ್ಮಕ್ಕ ಹೆತ್ತದ್ದು ಗಂಡಾ, ಹೆಣ್ಣಾ?"

ಅವನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಕೈಯಲ್ಲಿದ್ದ ಅಂಗಿ ಹಾಸಿಗೆಯ ಮೇಲೆ ಬಿತ್ತು.

"ಸುಚಿ, ಕೇಳು ಇಲ್ಲಿ..."

"ಹೇಳಿ. ಬಾಣಂತಿಗೆ ಎಂತ ಕೊಡ್ತಿದೀನಿ? ಓಮಿನ ಕಷಾಯನಾ?" ಅವಳ ದನಿ ಬೀದಿಗೆ ಕೇಳುತ್ತಿತ್ತು. "ಮಾತು ಅಂದ್ರಲ್ಲ. ಬಾಯಲ್ಲಿ ಮಾತು, ಫೋನಲ್ಲಿ ಬಾಣಂತನ. ನಾನು ಗೇಟು ಕಾಯ್ತಾ ಕೂತಿದ್ದೆ! ನಾಯಿ ಬೊಗಳಿದ್ರೂ ಪೊಲೀಸ್ ಬಂದ ಅಂತ ಎದ್ದು ಹೋಗ್ತಿದ್ದೆ. ನೋಡ್ತಿದ್ರಲ್ಲ ನೀವು? ನೋಡ್ತಾ ಟೀ ಕುಡೀತಿದ್ರಲ್ಲ?"

"ಭಾವಂಗೆ ಮಾತು ಕೊಟ್ಬಿಟ್ಟಿದ್ದೆ. ಅವ್ನು ಊರಿಗೆಲ್ಲ ಹೇಳ್ಕೊಂಡಿದ್ದ. ಮರ್ಯಾದೆ ಪ್ರಶ್ನೆ..."

"ಅವ್ರಿಗೆ ಕೊಟ್ಟಿದ್ದು ಮಾತು. ನನಗೆ ಕೊಟ್ಟಿದ್ದು ಎಂತದು?"

ಗುತ್ಯಪ್ಪ, ಶೇಷಮ್ಮ ಇಬ್ಬರೂ ಬಂದು ನಿಂತಿದ್ದರು. ಕಾಲೇಜಿನಿಂದ ಊಟಕ್ಕೆ ಬಂದ ಕಾವ್ಯಾ ಬ್ಯಾಗು ಇಳಿಸದೆ ಹೊಸ್ತಿಲಲ್ಲೇ ಇದ್ದಳು. "ಅಪ್ಪ, ನಿನ್ನ ನಂಬರ್ ಹಾಕಿದ್ದು ನಾನೇ" ಎಂದಳು. "ಅಮ್ಮಂದೂ ಫೋನಿತ್ತು."

ಅದಕ್ಕೆ ನಿರಂಜನ ತಲೆ ತಗ್ಗಿಸಿದ. ಹೆಂಡತಿಯ ಮಾತಿಗೆ ತಗ್ಗಿಸಿರಲಿಲ್ಲ.

ಸುಚಿತ್ರಾ ಕಾವ್ಯಾಳ ಬ್ಯಾಗಿನಿಂದ ನೋಟ್‌ಬುಕ್ಕಿನ ಹಾಳೆ ಹರಿದು, ಊಟದ ಮೇಜಿಗೆ ಕೂತು ತಾನೇ ಬರೆದಳು. ಬದಲಿಗೆ ಬೇರೆಯವರನ್ನು ಕಳಿಸುತ್ತೇನೆಂದು ಕೊಟ್ಟ ಪತ್ರ ನನಗೆ ಓದಿ ಹೇಳದೆ ಸಹಿ ಮಾಡಿಸಿದ್ದು. ಅದನ್ನು ವಾಪಸ್ಸು ಪಡೆದಿದ್ದೇನೆ. ನನ್ನ ಅಂಗಡಿಯ ಹೆಸರಿನಲ್ಲಿ ಯಾರೂ ಪ್ರವಾಸಕ್ಕೆ ಬರುವುದಿಲ್ಲ. ಎರಡು ಸಲ ಓದಿ, ಸಹಿ ಹಾಕಿ, ತನ್ನ ಫೋನಿನಲ್ಲೇ ಫೋಟೋ ತೆಗೆದು ಅಭಿರಾಮನಿಗೆ ಕಳಿಸಿದಳು. ಎರಡು ನಿಮಿಷಕ್ಕೆ ಅವನ ಫೋನು ಬಂತು. ಅವಳು ಎಲ್ಲರಿಗೂ ಕೇಳುವಂತೆ ಇಟ್ಟಳು.

"ಮೇಡಂ, ಯೋಚನೆ ಮಾಡಿದ್ದೀರಾ? ಟಿಕೇಟ್ ಆಗಿಬಿಟ್ಟಿದೆ. ಈಗ ವಾಪಸ್ ತಗೊಂಡ್ರೆ ಅದರ ಬದಲಿಗೆ ಏನೂ ಸಿಗೋದಿಲ್ಲ. ಇಡೀ ವರ್ಷದ್ದು ಹೋಗುತ್ತೆ."

"ಹೋಗ್ಲಿ."

"ಅಣ್ಣನ ಹತ್ತಿರ ಒಂದು ಸಲ..."

"ಡೀಲರ್ ಯಾರು ಅಭಿರಾಮ?"

"ನೀವು ಮೇಡಂ."

"ಹಾಗಿದ್ರೆ ಹೋಗ್ಲಿ ಬಿಡು."

ಶೇಷಮ್ಮ ಬಾಯಿ ಬಡಿದುಕೊಂಡಳು. "ಗಂಡ ಹೋಗ್ದಿದ್ರೆ ನಿನಗೆ ಎಂತ ಸಿಕ್ತೇ? ಇಬ್ರಲ್ಲಿ ಒಬ್ರಾದ್ರೂ ನೋಡ್ಕೊಂಡು ಬರ್ತಿದ್ರು!"

"ಎಂತದೂ ಸಿಗ್ಲಿಲ್ಲ ಅತ್ತೆ. ಅವ್ರಿಗೂ ಸಿಗೋದು ಬೇಡ."

"ಸರಿ ಮಾಡಿದೆ ಮಗಾ" ಎಂದ ಗುತ್ಯಪ್ಪ ಕೋಲು ನೆಲಕ್ಕೆ ಕುಟ್ಟಿ. "ಅದಕ್ಕೇ ನಾನು ನಿನ್ನ ಹೆಸ್ರು ಹಾಕ್ಸಿದ್ದು. ಅಮ್ಮ ಕಾಪಾಡಿದ್ಲು, ಜೂಜಿನ ಊರು ತಪ್ತು."

ಸುಚಿತ್ರಾ ಮಾವನ ಕಡೆ ತಿರುಗಿದಳು. "ನಿಮ್ಮ ಜೂಜು ತಪ್ಪಿಸೋಕೆ ನಾನಿದು ಮಾಡಿಲ್ಲ ಮಾವ. ನನಗೆ ಹೋಗ್ಬೇಕಿತ್ತು. ನೀವೂ ನನ್ನ ಹೆಸ್ರು ಹಾಕ್ಸಿದ್ದು ಮಗನ ಮೇಲೆ ನಂಬಿಕೆ ಇಲ್ಲ ಅಂತ. ನನ್ನನ್ನ ಯಾರೂ ಕೇಳಿರ್ಲಿಲ್ಲ."

ಗುತ್ಯಪ್ಪ ಕೋಲೂರಿಕೊಂಡು ತನ್ನ ಕೋಣೆಗೆ ಹೋದ.

*

ಮಾರನೇ ದಿನ ರಾಜೇಂದ್ರ ಬಂದು ಜಗಲಿಯಲ್ಲಿ ನಿಂತು ಕೂಗಾಡಿದ. ಪಾಸ್‌ಪೋರ್ಟೇ ಇಲ್ಲದವಳಿಗೆ ಇಷ್ಟು ಪೊಗರು ಯಾಕೆ, ನನ್ನ ಮರ್ಯಾದೆಗೆ ಬೆಲೆ ಇಲ್ವಾ, ಹೆಂಗಸರ ಹೆಸರಲ್ಲಿ ಅಂಗಡಿ ಇಟ್ಟರೆ ಇದೇ ಗತಿ ಎಂದ.

"ರಾಜೇಂದ್ರಣ್ಣ, ಪೆಟ್ಟಿಗೆ ತುಂಬಿದೆಯಲ್ಲ, ಗೋವಾಕ್ಕೆ ಹೋಗಿ" ಎಂದಳು ಸುಚಿತ್ರಾ. "ಅಲ್ಲಿ ನನ್ನ ಸಹಿ ಬೇಡ."

ಅವನ ಹಿಂದೆ ನಿಂತಿದ್ದ ಆಶಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಅವನು ಟೀ ಕುಡಿಯದೆ ಹೋದ. ಕೋಳಿ ಕೊಯ್ಯದೆ ಅಳಿಯನನ್ನು ಕಳಿಸಿದ್ದು ಆ ಮನೆಯಲ್ಲಿ ಅದೇ ಮೊದಲು ಎಂದು ಶೇಷಮ್ಮ ಸಂಜೆಯವರೆಗೆ ಗೊಣಗಿದಳು.

ಹುಣ್ಣಿಮೆ ಬಂತು. ಬುಟ್ಟಿಯ ಚಿತ್ತಾರ ಅರ್ಧಕ್ಕೇ ನಿಂತಿತ್ತು. ಸುಚಿತ್ರಾ ಅದನ್ನು ಮುಟ್ಟಲಿಲ್ಲ. ಶೇಷಮ್ಮ ಎರಡು ದಿನ ಕಾದು, ಕಡೆಗೆ ಕನ್ನಡಕ ಹಾಕಿಕೊಂಡು ನಡುಗುವ ಕೈಯಲ್ಲಿ ತಾನೇ ಉಳಿದರ್ಧ ಬರೆದಳು. ಒಂದು ಮಗ್ಗುಲು ನೇರ ಗೆರೆ, ಇನ್ನೊಂದು ಮಗ್ಗುಲು ಸೊಟ್ಟ. ನಸುಕಿಗೆ ನಿರಂಜನ ಪಂಚೆ ಎತ್ತಿ ಕಟ್ಟಿ, ಆ ಬುಟ್ಟಿ ಹೊತ್ತು ಗದ್ದೆಯ ನಾಲ್ಕು ಮೂಲೆಗೂ ಚರಗ ಬೀರಿ ಬಂದ. ಪ್ಲೇನಿನಲ್ಲಿ ಇರಬೇಕಾಗಿದ್ದ ಹೊತ್ತು. ಕಾಲು ತುಂಬ ಕೆಸರು. ಬೆಳಿಗ್ಗೆ ಎಲ್ಲರೂ ಗದ್ದೆಯಂಚಿನಲ್ಲಿ ಕೂತು ಕಡುಬು ತಿಂದರು. ಅವನಿಗೆ ಅವಳು ಬಡಿಸಿದಳು, ಮಾತಾಡಲಿಲ್ಲ.

ಹುಣ್ಣಿಮೆಯ ಮಾರನೇ ದಿನದಿಂದ ಅವಳು ಒಂದು ಕೆಲಸ ಹಿಡಿದಳು. ಮೊದಲು ಆಧಾರ್ ಕೇಂದ್ರ, ಆಮೇಲೆ ಬ್ಯಾಂಕು, ಆಮೇಲೆ ಆಡಿಟರ್, ಕಡೆಗೆ ಬಣ್ಣದ ಕಂಪನಿ. ಎಲ್ಲ ಕಡೆಯೂ ಒಂದೇ ಅರ್ಜಿ: ನನ್ನ ಮೊಬೈಲ್ ನಂಬರ್ ಬದಲಾಯಿಸಿ. ಬ್ಯಾಂಕಿನವರು "ಯಜಮಾನ್ರಿಗೆ ಗೊತ್ತಾ?" ಎಂದರು. "ಓನರ್ ಬರ್ಬೇಕು ಅಂತಿದ್ರಲ್ಲ, ಬಂದಿದೀನಿ" ಎಂದಳು. ಇಬ್ಬರು ಸಾಕ್ಷಿಗಳನ್ನು ಕರೆದುಕೊಂಡು ತಾನೇ ಸ್ಟೇಷನ್ನಿಗೂ ಹೋಗಿ ಬಂದಳು. ದೀಪಾವಳಿಯ ಹಿಂದಿನ ವಾರ ಪೋಸ್ಟಿನಲ್ಲಿ ನೀಲಿ ಪುಸ್ತಕ ಬಂತು. ಒಳಗಿನ ಹಾಳೆಗಳೆಲ್ಲ ಖಾಲಿ. ಅವಳು ಅದನ್ನು ಅಡುಗೆಮನೆಯಲ್ಲಿ, ಸಾಸಿವೆ ಡಬ್ಬಿಯ ಪಕ್ಕ, ತನಗೆ ದಿನಾ ಕಾಣುವ ಕಡೆ ಇಟ್ಟಳು.

ಹಬ್ಬದ ವ್ಯಾಪಾರ ಜೋರಾಗಿದ್ದ ಒಂದು ಮಧ್ಯಾಹ್ನ ಸುಚಿತ್ರಾ ಊಟಕ್ಕೆ ಬಂದಿದ್ದಳು. ಸುಣ್ಣ ಬಣ್ಣದ ಕಾಲ. ಅಂಗಡಿಯ ಮುಂದೆ ಲೋಡು ತಂದ ಲಾರಿ ನಿಂತಿತ್ತು. ಬ್ಯಾಂಕಿನಿಂದ ದುಡ್ಡು ಕಳಿ‍ಸಿದರೆ ಮಾತ್ರ ಡ್ರೈವರ್ ಡಬ್ಬಿ ಇಳಿಸುವವನು. ಅವಳು ತಟ್ಟೆಗೆ ಅನ್ನ ಹಾಕಿಕೊಂಡು ಕೂತು ಮೊದಲ ತುತ್ತು ಕಲಸುವಾಗ ಪಕ್ಕದಲ್ಲಿದ್ದ ಫೋನು ಕಿಣಿ ಎಂದಿತು. ಆರು ಅಂಕಿ.

ರಸ್ತೆಯಾಚೆಯಿಂದ ನಿರಂಜನ ಕೂಗಿದ. "ಸುಚೀ, ಓಟಿಪಿ ಬಂತಾ?"

ಅವಳು ತುತ್ತು ಬಾಯಿಗಿಟ್ಟಳು. ಅಗಿದು ನುಂಗಿದಳು.

ಅವನು ರಸ್ತೆ ದಾಟಿ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತ. ಅರಿಶಿನದ ಗುರುತು ಬಿದ್ದ ಆ ಹಾಳೆ ಹಿಡಿದು ನಿಂತಿದ್ದನಲ್ಲ, ಅದೇ ಜಾಗ. "ಲಾರಿ ಕಾಯ್ತಿದೆ. ಎರಡೇ ನಿಮಿಷ ಇರೋದು, ಬೇಗ ಹೇಳು."

"ಎಷ್ಟು ದುಡ್ಡು? ಯಾರಿಗೆ?"

"ಬಿಲ್ ಅಂಗಡಿಲಿದೆ."

"ತಗೊಂಡು ಬನ್ನಿ. ಓದಿ ಹೇಳ್ತೀನಿ."

"ಅಷ್ಟೊತ್ತಿಗೆ ಓಟಿಪಿ ಹೋಗುತ್ತೆ ಸುಚಿ!"

"ಹೋದ್ರೆ ಇನ್ನೊಂದು ಬರುತ್ತೆ" ಎಂದಳು ಸುಚಿತ್ರಾ, ಸಾರು ಬಡಿಸಿಕೊಳ್ಳುತ್ತಾ. "ನಾನು ಊಟ ಮಾಡ್ತಿದೀನಿ. ಕಾಯಿರಿ."

ಅವನು ಬಿಲ್ ತರಲು ರಸ್ತೆ ದಾಟಿ ಓಡಿದ.